ಹನುಮಕ್ಕನ ಕೈಗೆ ಕಟ್ಟಿದ ವಾಚು

ಸೂರ್ಯಪ್ರಕಾಶ ಕೆಟ್ಟ ಮನುಷ್ಯನೇನಲ್ಲ. ಹೊನ್ನವಳ್ಳಿಯಲ್ಲಿ ಯಾರನ್ನು ಬೇಕಾದರೂ ಕೇಳಿ, ಇದೇ ಮಾತು ಹೇಳುತ್ತಾರೆ. ಸಾವಾದ ಮನೆಗೆ ಮೊದಲು ಹೋಗುವವನು, ಮದುವೆ ಮನೆಯಲ್ಲಿ ಕೊನೆಯ ಪಂಕ್ತಿಗೆ ಕೂರುವವನು, ಅರ್ಜಿ ಬರೆದುಕೊಡು ಎಂದು ಬಂದವರಿಗೆ ಇಲ್ಲವೆನ್ನದವನು. ತಿಪಟೂರಿನ ಖಾಸಗಿ ಕಾಲೇಜೊಂದರ ಕಚೇರಿಯಲ್ಲಿ ಹದಿನೆಂಟು ವರ್ಷದಿಂದ ಕುರ್ಚಿ ಸವೆಸುತ್ತಿದ್ದಾನೆ. ವಯಸ್ಸು ನಲವತ್ತಾರು. ನಡೆದು ಬಂದರೆ ಹೊಟ್ಟೆ ಮೊದಲು ಬರುತ್ತದೆ, ಅವನು ಆಮೇಲೆ. ಹೆಂಡತಿ ಭವ್ಯಶ್ರೀ, ಊರಂಚಿನಲ್ಲಿ ಎರಡೂವರೆ ಎಕರೆ ತೆಂಗಿನ ತೋಟ, ಎರಡು ಹಸು. ಇಂಥ ಮನುಷ್ಯ ಮಾಡಿದ ಒಂದು ಕೆಲಸವನ್ನು ಇಲ್ಲಿ ಹೇಳುತ್ತಿದ್ದೇನೆ. ಅದನ್ನು ನೆನೆದಾಗಲೆಲ್ಲ ಅವನು ತುತ್ತನ್ನು ತಟ್ಟೆಗೇ ಬಿಡುತ್ತಾನೆ, ಬಿಡಬೇಕಾದದ್ದೇ.

ಎಲ್ಲ ಶುರುವಾದದ್ದು ಕಾಲೇಜಿನ ಆರೋಗ್ಯ ಅಭಿಯಾನದಿಂದ. ಹೊಸದಾಗಿ ಬಂದ ಪ್ರಿನ್ಸಿಪಾಲರು ಸಿಬ್ಬಂದಿಯನ್ನೆಲ್ಲ ಕೂರಿಸಿಕೊಂಡು, ಒಂದು ಮಂಡಲ, ಅಂದರೆ ನಲವತ್ತೆಂಟು ದಿನ, ಎಲ್ಲರೂ ಬದುಕನ್ನು ಸರಿಮಾಡಿಕೊಳ್ಳಬೇಕು ಎಂದರು. ದಿನಕ್ಕೆ ಹತ್ತು ಸಾವಿರ ಹೆಜ್ಜೆ ನಡೆಯಬೇಕು, ರಾತ್ರಿ ಎಂಟಕ್ಕೆ ಮೊಬೈಲ್ ಮುಚ್ಚಿಡಬೇಕು, ಹೊತ್ತಿಗೆ ಸರಿಯಾಗಿ ಮಲಗಬೇಕು. ಎಲ್ಲರ ಕೈಗೂ ಹೆಜ್ಜೆ ಎಣಿಸುವ ವಾಚು ಬಂತು. ಹೆಚ್ಚು ನಡೆದವರಿಗೆ ಸಮಾರೋಪದ ದಿನ ಶಾಲು, ಹಾರ, ವೇದಿಕೆಯ ಮೇಲೆ ಹತ್ತು ನಿಮಿಷ ಮಾತು. 'ನಾನು ವಿಶ್ರಾಂತಿಯನ್ನು ಕಂಡುಕೊಂಡ ಬಗೆ' ಎಂದು ವಿಷಯವೂ ನಿಗದಿಯಾಗಿತ್ತು.

ಮೊದಲ ವಾರ ಸೂರ್ಯಪ್ರಕಾಶನ ಹೆಜ್ಜೆ ಎರಡು ಸಾವಿರ ದಾಟಲಿಲ್ಲ. ನಡೆಯಲೆಂದು ತೋಟಕ್ಕೆ ಹೋದರೂ ಹತ್ತು ಹೆಜ್ಜೆಗೊಮ್ಮೆ ನಿಂತು ಮೊಬೈಲ್ ನೋಡುತ್ತಿದ್ದ. ಎಂಟಕ್ಕೆ ಮುಚ್ಚಿಡುವುದಂತೂ ಆಗಲೇ ಇಲ್ಲ. 'ಎಂಟಕ್ಕೆ ಸರಿಯಾಗಿ ಮೊಬೈಲ್ ಮುಚ್ಚಿಟ್ಟೆ, ಮನಸ್ಸಿಗೆ ಎಷ್ಟು ಹಾಯಾಗಿದೆ' ಎಂದು ಒಂಬತ್ತೂಮುಕ್ಕಾಲಿಗೆ ಕಾಲೇಜಿನ ವಾಟ್ಸಾಪ್ ಗ್ರೂಪಿಗೆ ಹಾಕುತ್ತಿದ್ದ. ಅದನ್ನು ಯಾರೂ ಗಮನಿಸಲಿಲ್ಲ, ಏಕೆಂದರೆ ಎಲ್ಲರೂ ಆ ಹೊತ್ತಿನಲ್ಲೇ ಅದನ್ನೇ ಹಾಕುತ್ತಿದ್ದರು. ಆದರೆ ಹೆಜ್ಜೆಯ ಪಟ್ಟಿಯನ್ನು ಸೋಮವಾರ ನೋಟಿಸ್ ಬೋರ್ಡಿಗೆ ಅಂಟಿಸಿದಾಗ ಅವನ ಹೆಸರು ಕಟ್ಟಕಡೆಗಿತ್ತು. ಪಿ.ಟಿ. ಮೇಷ್ಟ್ರು ಮರುಳಸಿದ್ದಯ್ಯ ಎಲ್ಲರೆದುರು ಅವನ ಹೊಟ್ಟೆ ತಟ್ಟಿ, "ಈ ಪಾಪುನ ಎತ್ಕೊಂಡು ಎಷ್ಟು ದೂರ ನಡೀತೀರ ಬುಡಿ ಸಾರ್" ಎಂದ. ಎಲ್ಲರೂ ನಕ್ಕರು. ಸೂರ್ಯಪ್ರಕಾಶನೂ ನಕ್ಕ. ಮನೆಗೆ ಬಂದ ಮೇಲೂ ಆ ನಗು ಅವನ ಕಿವಿಯಲ್ಲಿತ್ತು.

ಅವನ ತೋಟದ ಕೆಲಸಕ್ಕೆ ಬರುವವಳು ಹನುಮಂತಮ್ಮ. ಊರಿಗೆಲ್ಲ ಹನುಮಕ್ಕ. ಅವನ ಅಪ್ಪನ ಕಾಲದಿಂದಲೂ ಅದೇ ತೋಟದಲ್ಲಿ ಗರಿ ಎಳೆದು, ಸೆಗಣಿ ಬಾಚಿ, ಕಾಯಿ ಹೊತ್ತು ಅರವತ್ತರ ಹತ್ತಿರ ಬಂದಿದ್ದಳು. ಸೂರ್ಯಪ್ರಕಾಶ ಚಡ್ಡಿ ಹಾಕದೆ ಓಡಾಡುತ್ತಿದ್ದಾಗ ಅವನನ್ನು ಸೊಂಟದ ಮೇಲೆ ಕೂರಿಸಿಕೊಂಡು ತಿರುಗಿದವಳು, ಈಗಲೂ ಅವನನ್ನು ಸೂರಪ್ಪ ಎಂದೇ ಕರೆಯುತ್ತಿದ್ದಳು. ಅವಳದು ಒಂದು ಅಭ್ಯಾಸ. ಮಧ್ಯಾಹ್ನ ಮುದ್ದೆ ಉಂಡಾದ ಮೇಲೆ ಸೆರಗನ್ನು ಸುತ್ತಿ ತಲೆಯಡಿ ಇಟ್ಟುಕೊಂಡು ಹುಣಸೆಮರದ ನೆರಳಲ್ಲಿ ಅರ್ಧ ಗಂಟೆ ಮಲಗುತ್ತಿದ್ದಳು. ಆ ಹೊತ್ತಿನಲ್ಲಿ ಯಾರು ಕರೆದರೂ ಏಳುತ್ತಿರಲಿಲ್ಲ. ಪ್ರಿನ್ಸಿಪಾಲರು ಒಂದು ಮಂಡಲದಲ್ಲಿ ಕಲಿಸಹೊರಟಿದ್ದನ್ನು ಅವಳು ನಲವತ್ತು ವರ್ಷದಿಂದ ಮಾಡುತ್ತಿದ್ದಳು.

ಒಂದು ಭಾನುವಾರ ಕೈಕಾಲು ತೊಳೆಯುವಾಗ ಸೂರ್ಯಪ್ರಕಾಶ ವಾಚನ್ನು ತೊಟ್ಟಿಯ ಕಟ್ಟೆಯ ಮೇಲೆ ಬಿಚ್ಚಿಟ್ಟಿದ್ದ. ಹನುಮಕ್ಕ ಅದನ್ನು ಕುತೂಹಲದಿಂದ ನೋಡಿದಳು. ತಮಾಷೆಗೆಂದು ಅವನು ಅದನ್ನು ಅವಳ ಕೈಗೆ ಕಟ್ಟಿ ಮರೆತುಬಿಟ್ಟ. ಸಂಜೆ ಬಿಚ್ಚಿಕೊಂಡು ಮೊಬೈಲಿನಲ್ಲಿ ನೋಡಿದರೆ ಹತ್ತೊಂಬತ್ತು ಸಾವಿರ ಹೆಜ್ಜೆ. ಬೇರೆಯವನಾಗಿದ್ದರೆ ಈ ಹೆಂಗಸು ದಿನಾ ಇಷ್ಟು ನಡೆಯುತ್ತಾಳಲ್ಲ ಎಂದು ಒಂದು ಕ್ಷಣ ಯೋಚಿಸುತ್ತಿದ್ದ. ನಮ್ಮವನಿಗೆ ಕಂಡದ್ದು ನೋಟಿಸ್ ಬೋರ್ಡು.

ಮರುದಿನ ಬೆಳಿಗ್ಗೆ ಕಾಲೇಜಿಗೆ ಹೊರಡುವ ಮುಂಚೆ ತೋಟಕ್ಕೆ ಹೋಗಿ, "ಇದ್ನ ಕಟ್ಕೊ ಅಕ್ಕ. ಇದು ಆರೋಗ್ಯ ನೋಡೋ ವಾಚು. ಎದೆಬಡಿತ, ನಡಿಗೆ ಎಲ್ಲ ನನ್ನ ಮೊಬೈಲಿಗೆ ಬತ್ತದೆ. ನಿನಗೂ ವಯಸ್ಸಾಯ್ತಲ್ಲ, ನೋಡ್ಕೋಬೇಕು" ಎಂದ.

ಹೇಳಿದ ಮಾತಿನಲ್ಲಿ ಒಂದೂ ಸುಳ್ಳಿರಲಿಲ್ಲ. ಅವನಿಗೆ ಆಮೇಲೆ ಹೆಚ್ಚು ಚುಚ್ಚಿದ್ದು ಇದೇ.

ಹನುಮಕ್ಕನ ಕಣ್ಣು ಒದ್ದೆಯಾಯಿತು. "ನನ್ನ ಹೊಟ್ಟೇಲ್ ಹುಟ್ಟಿದ್ದು ಕೇಳಲ್ಲ ಕಣಪ್ಪ, ಹೆಂಗಿದೀಯ ಅಂತ" ಎಂದು ಕೈ ಮುಂದೆ ಚಾಚಿದಳು. ಆ ವಾಚಿನ ಕೊಂಡಿ ಅವಳಿಗೆ ಕೊನೆಯವರೆಗೂ ಒಲಿಯಲಿಲ್ಲ. ಬೆಳಿಗ್ಗೆ ಅವನೇ ಕಟ್ಟಬೇಕು, ಸಂಜೆ ಅವನೇ ಬಿಚ್ಚಬೇಕು. ಚಾರ್ಜಿಗೆ ಹಾಕಬೇಕು ಎಂದು ಅವನು ಒಯ್ಯುತ್ತಿದ್ದ. ಕಾಲೇಜಿನಲ್ಲಿ ಯಾರಾದರೂ ಕೇಳಿದರೆ, "ಕಚೇರೀಲಿ ಬೆವರಿಗೆ ತುರಿಕೆ ಆಗ್ತದೆ, ಬೆಳಿಗ್ಗೆ ಸಂಜೆ ತೋಟದಲ್ಲೇ ನಡ್ಕೋತೀನಿ" ಎನ್ನುತ್ತಿದ್ದ. ಮೂರನೆಯ ವಾರ ಅವನ ಹೆಸರು ಪಟ್ಟಿಯಲ್ಲಿ ಎಲ್ಲರಿಗಿಂತ ಮೇಲೆ ಬಂತು. ಪ್ರಿನ್ಸಿಪಾಲರು ಎಲ್ಲರೆದುರು ಬೆನ್ನು ತಟ್ಟಿದರು. ಮರುಳಸಿದ್ದಯ್ಯ ಕೈ ಕುಲುಕಿ, "ತಪ್ಪಾಯ್ತು ಸಾರ್, ನಿಮ್ಮನ್ನ ಆಡ್ಕೊಂಡೆ" ಎಂದ. ಹದಿನೆಂಟು ವರ್ಷದಲ್ಲಿ ಆ ಕಾಲೇಜಿನಲ್ಲಿ ಅವನ ಕೈಯನ್ನು ಯಾರೂ ಕುಲುಕಿರಲಿಲ್ಲ.

ಆದರೆ ಮರುಳಸಿದ್ದಯ್ಯ ಆಟದ ಮೈದಾನದಲ್ಲೇ ಬದುಕುವವನು, ಅವನ ಹೆಜ್ಜೆಯ ಲೆಕ್ಕವೂ ಬೆನ್ನ ಹಿಂದೆಯೇ ಇತ್ತು. ಅಷ್ಟರಲ್ಲಿ ತೋಟದಲ್ಲಿ ಕಾಯಿ ಕೀಳಿಸಿದರು. ಡ್ರಿಪ್ ಪೈಪ್ ಎಳೆದಿದ್ದರಿಂದ ಕಡೆಯ ಸಾಲುಗಳಿಗೆ ಟ್ರ್ಯಾಕ್ಟರ್ ಹೋಗುತ್ತಿರಲಿಲ್ಲ. ಅಲ್ಲಿನ ಕಾಯಿಯನ್ನು ಒಣಗಿ ಕೊಬ್ಬರಿಯಾಗಲೆಂದು ಅಟ್ಟಕ್ಕೇರಿಸಲು ಶೆಡ್ಡಿನವರೆಗೆ ಹೊತ್ತೇ ತರಬೇಕು. ಹನುಮಕ್ಕ ಯಾವತ್ತೂ ಮಂಕರಿಯಲ್ಲಿ, ಅಂದರೆ ದೊಡ್ಡ ಬುಟ್ಟಿಯಲ್ಲಿ, ಹೊರುವವಳು, ಒಂದು ಸಲಕ್ಕೆ ಇಪ್ಪತ್ತು ಕಾಯಿ. ಸೂರ್ಯಪ್ರಕಾಶ ಮನೆಯಿಂದ ಒಂದು ಸಣ್ಣ ಪುಟ್ಟಿ ತಂದುಕೊಟ್ಟ. ಅದರಲ್ಲಿ ಆರೇಳು ಕಾಯಿ ಹಿಡಿದರೆ ಹೆಚ್ಚು.

"ಮಂಕರಿ ಬ್ಯಾಡ ಬುಡಕ್ಕ, ಭಾರ ಆಗ್ತದೆ. ಇದ್ರಲ್ಲೇ ಸ್ವಲ್ಪ ಸ್ವಲ್ಪ ತತ್ತಾ ಇರು" ಎಂದ.

ಮಂಕರಿಯಲ್ಲಿ ಒಂದು ಸಲ ಬರುವ ದಾರಿಗೆ ಪುಟ್ಟಿಯಲ್ಲಿ ಮೂರು ಸಲ ಬರಬೇಕು. ಅವನಿಗೆ ಬೇಕಾಗಿದ್ದುದು ಅಷ್ಟೇ. ಹನುಮಕ್ಕನಿಗೆ ಅದು ಹೊಳೆಯಲಿಲ್ಲ. ಬೀದಿಯಲ್ಲಿ ಕಂಡಕಂಡವರಿಗೆಲ್ಲ, "ನಮ್ಮ ಸೂರಪ್ಪ ನನ್ನ ಕೈಲಿ ಭಾರನೇ ಹೊರಿಸಲ್ಲ ಕಣ್ರೀ" ಎಂದು ಹೇಳಿಕೊಂಡು ಬಂದಳು. ಕೆಲಸ ಮುಗಿಯದೆ ಹುಣಸೆಮರದಡಿಯ ನಿದ್ದೆ ತಪ್ಪಿಹೋಯಿತು. ಅದನ್ನೂ ಅವನು ಕಂಡಿದ್ದ.

ಅಭಿಯಾನ ಮುಗಿಯಲು ಹದಿನಾರು ದಿನ ಉಳಿದಿದ್ದಾಗ, ಒಂದು ಸಂಜೆ ವಾಚು ಬಿಚ್ಚಿಕೊಂಡು ಮನೆಗೆ ಬಂದು ಮೊಬೈಲ್ ತೆಗೆದ. ಇಪ್ಪತ್ತಾರು ಸಾವಿರ ಹೆಜ್ಜೆಯ ಕೆಳಗೆ ಕೆಂಪು ಅಕ್ಷರದಲ್ಲಿ ಒಂದು ಸೂಚನೆಯಿತ್ತು: 'ನೀವು ಕುಳಿತಿದ್ದಾಗಲೂ ನಿಮ್ಮ ಎದೆಬಡಿತ ಹೆಚ್ಚಾಗಿದೆ, ಲಯ ತಪ್ಪುತ್ತಿದೆ. ವೈದ್ಯರನ್ನು ಕಾಣಿ.' ಅವನ ಎದೆಯೇ ಧಸಕ್ಕೆಂದಿತು. ಇದು ತನ್ನದಲ್ಲ ಎಂದು ನೆನಪಾದ ತಕ್ಷಣ ಉಸಿರು ಸಡಿಲವಾಯಿತು. ಹಾಗೆ ಸಡಿಲವಾದದ್ದನ್ನು ಅವನು ಇವತ್ತಿಗೂ ಮರೆತಿಲ್ಲ.

ಬೆರಳಲ್ಲಿ ಸರಿಸಿದ, ಸೂಚನೆ ಹೋಯಿತು. ಮರುದಿನ ಮತ್ತೆ ಬಂತು. ಅದರ ಮರುದಿನವೂ ಬಂತು. ವಾಚು ಸಡಿಲವಾಗಿರಬೇಕು, ಬೆವರಿಗೆ ಹಾಗೆ ತೋರಿಸುತ್ತಿರಬೇಕು ಎಂದು ತನಗೆ ತಾನೇ ಹೇಳಿಕೊಂಡ. ಆಸ್ಪತ್ರೆಗೆ ಕರೆದೊಯ್ದರೆ ಮಲಗಿಸುತ್ತಾರೆ, ಮಲಗಿಸಿದರೆ ಹೆಜ್ಜೆ ನಿಲ್ಲುತ್ತದೆ, ಹೇಗೆ ಗೊತ್ತಾಯಿತು ಎಂದು ಕೇಳಿದರೆ ಎಲ್ಲ ಬಯಲಾಗುತ್ತದೆ. ಇನ್ನೆರಡು ವಾರ, ಸಮಾರೋಪ ಮುಗಿದ ಮರುದಿನವೇ ತಾನೇ ಕರೆದುಕೊಂಡು ಹೋಗುವುದು ಎಂದು ತೀರ್ಮಾನಿಸಿದ. ಇಂಥ ತೀರ್ಮಾನ ಮಾಡಿದವನು ವೇದಿಕೆಯಲ್ಲಿ ಹೇಳಬೇಕಾದ ವಿಶ್ರಾಂತಿಯ ಮಾತನ್ನು ಹಾಳೆಯ ಮೇಲೆ ಬರೆಯುತ್ತಿದ್ದ, ಅದೂ ದುಂಡು ಅಕ್ಷರದಲ್ಲಿ.

ಒಂಬತ್ತು ದಿನ ಹೀಗೇ ಕಳೆಯಿತು. ಹತ್ತನೆಯ ದಿನ ಶನಿವಾರ. ಮಧ್ಯಾಹ್ನಕ್ಕೇ ಮನೆಗೆ ಬಂದವನಿಗೆ ಊಟ ಬಡಿಸುತ್ತಾ ಭವ್ಯಶ್ರೀ, "ಹನುಮಕ್ಕಂಗೆ ಮೈ ಸರಿ ಇಲ್ಲ ಕಣ್ರೀ. ಎರಡು ಹೆಜ್ಜೆಗೆ ಏದುಸಿರು ಬಿಡ್ತಾಳೆ, ಕಣ್ಣು ಕತ್ಲೆ ಬಂದು ಪುಟ್ಟಿ ಸಮೇತ ಕುಸಿದು ಕೂತ್ಬಿಟ್ಳು" ಎಂದಳು. "ಆಸ್ಪತ್ರೆಗೆ ಹೋಗಾಣ ಬಾ ಅಂದ್ರೆ ಕೇಳಲ್ಲ. ಏನಂತಾಳೆ ಗೊತ್ತಾ? ನಮ್ಮ ಸೂರಪ್ಪ ದಿನಾ ಸಂಜೆ ಮೊಬೈಲಲ್ಲಿ ನನ್ನ ಎದೆ ನೋಡ್ತಾನೆ, ಏನಾರ ಇದ್ದಿದ್ರೆ ಹೇಳ್ದೆ ಇರ್ತಿದ್ನ, ಅಂತಾಳೆ."

ಸೂರ್ಯಪ್ರಕಾಶ ತುತ್ತನ್ನು ತಟ್ಟೆಯಲ್ಲೇ ಬಿಟ್ಟು ಎದ್ದ. ಕೈ ತೊಳೆದನೋ ಇಲ್ಲವೋ ಅವನಿಗೇ ಗೊತ್ತಿಲ್ಲ. ಆಟೋ ಹಿಡಿದು ತೋಟಕ್ಕೆ ಹೋದಾಗ ಹನುಮಕ್ಕ ಶೆಡ್ಡಿನ ಗೋಡೆಗೊರಗಿ ಕೂತಿದ್ದಳು, ಪಕ್ಕದಲ್ಲೇ ಆ ಪುಟ್ಟಿ. "ಸಂಜೆ ಆಗೋಯ್ತಾ ಸೂರಪ್ಪ, ವಾಚ್ ಬಿಚ್ಕೊಳಕ್ ಬಂದ್ಯಾ" ಎಂದು ಕೈ ಚಾಚಿದಳು. ಅವನು ಆ ಕೈ ಹಿಡಿದು ಎಬ್ಬಿಸಿ ಆಟೋದಲ್ಲಿ ಕೂರಿಸಿದ.

ತಿಪಟೂರಿನ ಆಸ್ಪತ್ರೆಯಲ್ಲಿ ಹನುಮಕ್ಕನನ್ನು ಮಲಗಿಸಿ, ಎದೆಗೆ ವೈರು ಅಂಟಿಸಿ ಇಸಿಜಿ ತೆಗೆದರು. ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ಕಾಗದವನ್ನು ಎರಡು ಸಲ ನೋಡಿ, "ಎದೆಬಡಿತದ ಲಯ ತಪ್ಪಿದೆ. ಇದನ್ನ ಹೀಗೇ ಬಿಟ್ರೆ ರಕ್ತ ಹೆಪ್ಪುಗಟ್ಟಿ ಲಕ್ವ ಹೊಡೀಬಹುದು. ಯಾವಾಗಿಂದ ಹೀಗಾಗ್ತಿದೆ?" ಎಂದರು.

"ನಂಗೇನ್ ಗೊತ್ತಾತದವ್ವ" ಎಂದಳು ಹನುಮಕ್ಕ. ಅಷ್ಟು ಸುಸ್ತಿನಲ್ಲೂ ಅವಳ ದನಿಯಲ್ಲಿ ಹೆಮ್ಮೆಯಿತ್ತು. "ನಮ್ಮ ಸೂರಪ್ಪನ ಮೊಬೈಲಲ್ಲಿ ಎಲ್ಲ ಐತೆ. ತೋರ್ಸಪ್ಪ."

ಅವನು ತೋರಿಸಿದ. ಡಾಕ್ಟರಮ್ಮ ಬೆರಳಾಡಿಸುತ್ತಾ ಹೋದರು, ಅವರ ಮುಖ ಬಿಗಿಯಾಯಿತು. "ಒಂಬತ್ತು ದಿನದಿಂದ ದಿನಾ ಬರ್ತಾ ಇದೆಯಲ್ರೀ ಇದು. ನೀವು ಓದ್ಲಿಲ್ವಾ?"

ಅವನು ಬಾಯಿ ತೆರೆಯುವ ಮೊದಲೇ ಹನುಮಕ್ಕ ಹೇಳಿದಳು: "ಬಯ್ಬ್ಯಾಡಿ ಕಣವ್ವ. ಕಾಲೇಜಲ್ಲಿ ಬಾಳ ಕೆಲ್ಸ ಅವ್ನಿಗೆ. ಮರ್ತಿರ್ತಾನೆ."

ಬಚಾವಾಗಲು ದಾರಿ ಅಲ್ಲೇ ಇತ್ತು. ಹೂಂ ಎಂದಿದ್ದರೆ ಸಾಕಿತ್ತು, ಈ ಭೂಮಿಯ ಮೇಲೆ ಇನ್ನೊಬ್ಬರಿಗೆ ಗೊತ್ತಾಗುತ್ತಿರಲಿಲ್ಲ. ಆದರೆ ಅವಳು ಅವನ ಪರ ವಹಿಸಿ ಮಾತಾಡಿದ್ದನ್ನು ಅವನಿಂದ ತಡೆದುಕೊಳ್ಳಲಾಗಲಿಲ್ಲ.

"ಮರೀಲಿಲ್ಲ ಹನುಮಕ್ಕ. ಓದ್ದೆ" ಎಂದ. "ಮೊದಲ್ನೇ ದಿನಾನೇ ಓದ್ದೆ. ನಿನ್ನ ಹೆಜ್ಜೆನ ಕಾಲೇಜಲ್ಲಿ ನನ್ನ ಹೆಜ್ಜೆ ಅಂತ ತೋರಿಸ್ತಿದ್ದೆ. ಬಹುಮಾನ ಕೊಡ್ತಾರೆ ಅಂತ. ನೀನು ಮಲಗಿಬಿಟ್ರೆ ಅದು ತಪ್ಪಿ ಹೋಗ್ತದೆ ಅಂತ ಸುಮ್ನಿದ್ದೆ."

ಹನುಮಕ್ಕ ಒಂದೇ ಒಂದು ಪ್ರಶ್ನೆ ಕೇಳಿದಳು. "ಸಣ್ಣ ಪುಟ್ಟೀಲಿ ತಾ ಅಂದಿದ್ದೂ ಅದ್ಕೇನಾ?"

ಅವನು ಹೌದೆಂದು ತಲೆಯಾಡಿಸಿದ. ವಾಚಾದರೂ ತೆಗೆಯೋಣ ಎಂದು ಕೈ ಮುಂದೆ ಮಾಡಿದ. ಹನುಮಕ್ಕ ವಾಚು ಕಟ್ಟಿದ್ದ ತನ್ನ ಕೈಯನ್ನು ಹಿಂದಕ್ಕೆಳೆದುಕೊಂಡು, ಆ ಕಡೆ ನಿಂತಿದ್ದ ನರ್ಸಿನ ಮುಂದೆ ಚಾಚಿ, "ಇದ್ನ ಬಿಚ್ಚವ್ವ" ಎಂದಳು.

ಸೋಮವಾರ ಅವನು ಪ್ರಿನ್ಸಿಪಾಲರ ಮುಂದೆ ನಿಂತು ನಡೆದದ್ದನ್ನೆಲ್ಲ ಹೇಳಿ ವಾಚು ಹಿಂದಿರುಗಿಸಿದ. ಮರುಳಸಿದ್ದಯ್ಯ ಆಡಿಕೊಂಡು ನಕ್ಕಿದ್ದರೆ ವಾಸಿಯಿತ್ತು, ಅವನು ನಗಲಿಲ್ಲ, ಮುಖ ತಿರುಗಿಸಿಕೊಂಡು ಹೋದ. ಹನುಮಕ್ಕ ನಾಲ್ಕು ದಿನಕ್ಕೆ ಮನೆಗೆ ಬಂದಳು. ಎರಡು ತಿಂಗಳು ಕೆಲಸ ಮಾಡಕೂಡದು ಎಂದು ಡಾಕ್ಟರಮ್ಮ ಹೇಳಿದ್ದರು. ಅವಳ ಕೂಲಿ ನಿಲ್ಲಿಸದೆ ಅವಳ ಕೆಲಸವನ್ನು ಸೂರ್ಯಪ್ರಕಾಶ ತಾನೇ ಹಿಡಿದ. ಬೆಳಿಗ್ಗೆ ಐದೂವರೆಗೆ ಎದ್ದು ಮೊಬೈಲನ್ನು ಮನೆಯಲ್ಲೇ ಬಿಟ್ಟು ತೋಟಕ್ಕೆ ಹೋಗುತ್ತಾನೆ, ಗರಿ ಎಳೆಯುತ್ತಾನೆ, ಉಳಿದ ಕಾಯಿಯನ್ನು ಮಂಕರಿಯಲ್ಲಿ ಹೊರುತ್ತಾನೆ. ರಾತ್ರಿ ಒಂಬತ್ತಕ್ಕೆ ಕಣ್ಣು ತಾನಾಗಿ ಮುಚ್ಚುತ್ತದೆ. ಹೊಟ್ಟೆಯೂ ಕರಗಿದೆ. ಅಭಿಯಾನದಲ್ಲಿ ಹೇಳಿದ್ದೆಲ್ಲ ಅವನಿಗೆ ಸಿಕ್ಕಿದೆ, ಅದನ್ನು ಯಾರ ಹತ್ತಿರವೂ ಹೇಳಿಕೊಳ್ಳುವ ಮುಖ ಮಾತ್ರ ಅವನಿಗಿಲ್ಲ.

ದಿನಾ ಸಂಜೆ ಒಂದು ಚೊಂಬು ಹಾಲು ಹಿಡಿದು ಹನುಮಕ್ಕನ ಮನೆಗೆ ಹೋಗುತ್ತಾನೆ. ಮೊದಲಾದರೆ ದೂರದಿಂದಲೇ "ಬಾರೋ ಸೂರಪ್ಪ" ಎನ್ನುತ್ತಿದ್ದಳು. ಈಗ ಅವನನ್ನು ಕಂಡ ಕೂಡಲೇ ಎದ್ದು ಕೂತು ಸೆರಗು ಹೊದ್ದು, "ಬನ್ನಿ ಸಾರ್, ಕೂತ್ಕಳಿ" ಎನ್ನುತ್ತಾಳೆ. ಸಿಟ್ಟಿನಿಂದ ಹೇಳುವುದಿಲ್ಲ, ಊರಿಗೆ ಹೊಸದಾಗಿ ಬಂದ ಮೇಷ್ಟರನ್ನು ಮಾತಾಡಿಸುವ ಹಾಗೆ ಮರ್ಯಾದೆಯಿಂದಲೇ ಹೇಳುತ್ತಾಳೆ.

ನಿನ್ನೆ ಅವನು ಕೇಳಿದ, "ಮಾತ್ರೆ ತಗೊಂಡ್ಯಾ ಅಕ್ಕ? ಎದೆ ಹೆಂಗೈತೆ?"

"ತಗೊಂಡೆ ಸಾರ್. ಅದ್ನೆಲ್ಲ ನೀವು ನೋಡೋದು ಬ್ಯಾಡ ಬುಡಿ" ಎಂದಳು ಹನುಮಕ್ಕ. "ನನ್ನ ಸೊಸೆ ನೋಡ್ಕತಾಳೆ."

ಸೂರ್ಯಪ್ರಕಾಶ ಚೊಂಬನ್ನು ಜಗಲಿಯ ಮೇಲಿಟ್ಟು, ತಲೆ ತಗ್ಗಿಸಿಕೊಂಡು ಮನೆಗೆ ನಡೆದುಬಂದ.