ಕೂರದ ಡಾಕ್ಟರು

ಜರ್ಮನಿ ಬಿಟ್ಟು ತಮ್ಮೂರು ಕುಮಾಸಿಗೆ ಮರಳಿದ, ಬೆಳೆರೋಗ ಸಂಶೋಧಿಸುವ ನಮ್ಮ ಡಾಕ್ಟರ್ ಆಂಪೋಫೊ ಕೂತದ್ದನ್ನು ಕಂಡವರಿಲ್ಲ. ಊಟವೂ ನಿಂತೇ, ಒಂದು ಕೈಯಲ್ಲಿ ಫೂಫೂ ಮುದ್ದೆ, ಇನ್ನೊಂದರಲ್ಲಿ ಫೋನು. ಸಂಶೋಧನೆಯ ಅನುದಾನವೋ ಬಲು ನಿಧಾನ. ಅದು ಬರುವ ತನಕ ಪ್ರಯೋಗಾಲಯಕ್ಕೆ ಫ್ರೀಜರಿಲ್ಲ, ಹಾಗಾಗಿ ಹೊಲಹೊಲ ಅಲೆದು ತಂದ ರೋಗದ ಮರಗೆಣಸಿನ ಎಲೆಗಳೆಲ್ಲ ಮಾರುಕಟ್ಟೆಯ ಸೆರ್ವಾ ಅಮ್ಮನ ಮೀನಿನ ಫ್ರೀಜರಿನಲ್ಲಿ. ಐಸು ಕರಗಿ ಎಲೆ ಕೆಟ್ಟರೆ ಪಟ್ಟ ಪಾಡೆಲ್ಲ ಮಣ್ಣು. "ಏನಪ್ಪಾ ಡಾಕ್ಟ್ರೇ, ನಿನ್ನ ಎಲೆ ಇನ್ನೆಷ್ಟು ದಿನ ನನ್ನ ಮೀನಿನ ಜೊತೆ ಸಂಸಾರ ಮಾಡ್ಬೇಕು?" "ಮುಂದಿನ ವಾರ ದುಡ್ಡು ಬಂದೇಬಿಡ್ತು, ಅಮ್ಮಾ!" ಕರೆಂಟು ಹೋದರೆ ಊರು ಮೇಣದಬತ್ತಿ ಹುಡುಕುತ್ತದೆ, ಇವರು ಮಾರುಕಟ್ಟೆಗೆ ಓಡುತ್ತಾರೆ. ಮೊನ್ನೆ ಹೋದ ಕರೆಂಟು ಬರಲೇ ಇಲ್ಲ. ಡಾಕ್ಟರು ಏದುಸಿರು ಬಿಡುತ್ತ ತಲುಪಿದರೆ, ಅಮ್ಮ ಇದ್ದ ಐಸನ್ನೆಲ್ಲ ಎಲೆಗಳ ಡಬ್ಬಿಗೆ ಸುರಿದು, ಮಾರಾಟವಾಗದೆ ಉಳಿದ ಮೀನನ್ನೆಲ್ಲ ಕೆಡದಂತೆ ಹೊಗೆಯ ಒಲೆಗೇರಿಸಿದ್ದರು. "ಮೀನು ಹೊಗೆ ತಡ್ಕೊಳ್ಳುತ್ತೆ, ನಿನ್ನ ಎಲೆ ತಡ್ಕೊಳ್ಳುತ್ತಾ?" ಡಾಕ್ಟರು ಫೋನು ಜೇಬಿಗಿಟ್ಟು, ಒಲೆಯ ಮುಂದೆ ಕೂತು, ಮೀನು ಮಗುಚತೊಡಗಿದರು.