ದೊಡ್ಡಪ್ಪ ನೋಡಿಕೊಂಡ ತೋಟ

ಅಪ್ಪ ಸತ್ತ ಮೇಲೆ, ಹಾನುಬಾಳಿನ ಹತ್ತಿರದ ನಮ್ಮ ಕಾಫಿ ತೋಟವನ್ನು ನನಗೂ ತಂಗಿಗೂ ಹದಿನೆಂಟು ತುಂಬುವವರೆಗೆ ನೋಡಿಕೊಳ್ಳಲು ಕೋರ್ಟು ದೊಡ್ಡಪ್ಪನನ್ನು ನೇಮಿಸಿತ್ತು. ಡಿಸೆಂಬರಿನಲ್ಲಿ ನನಗೆ ಹದಿನೆಂಟಾಗಿ ನನ್ನ ಪಾಲು ನನ್ನ ಕೈಗೆ ಬಂತು; ತಂಗಿಯದು ಅವನ ಬಳಿಯೇ ಉಳಿಯಿತು. ನನ್ನ ತೋಟಕ್ಕೆ ಕಾಲಿಟ್ಟರೆ ಗಿಡಗಳಲ್ಲಿ ಒಂದು ಹಣ್ಣೂ ಇರಲಿಲ್ಲ. ಫಸಲು ನನಗೆ ಸಿಕ್ಕಿಬಿಡುತ್ತದೆಂದು ಆ ಮನುಷ್ಯ ಮೊದಲೇ ಆಳು ಬಿಟ್ಟು, ಹಸಿರು ಕಾಯಿಯನ್ನೇ ಕೀಳಿಸಿ ಮಾರಿದ್ದ. ಕಳ್ಳರೂ ಕಾಯಿ ಹಣ್ಣಾಗುವ ತನಕ ತಡೆದುಕೊಳ್ಳುತ್ತಾರೆ. ಮುಂದಿನ ವರ್ಷ ಹೂ ಬಿಡಬೇಕಿದ್ದ ರೆಂಬೆಗಳು ಮುರಿದು ಜೋತಾಡುತ್ತಿದ್ದವು.

ತಂಗಿಯನ್ನು ಕರೆದುಕೊಂಡು ಅವನ ಮನೆಗೆ ಹೋಗಿ ಕೇಳಿದೆ. ನಾಚಿಕೆಯಿಲ್ಲದೆ ಹೇಳಿದ: "ಎಣಿಸ್ಕೋ ಮಾರಾಯ. ಒಂದು ಗಿಡಾನೂ ಕಮ್ಮಿ ಆಗಿಲ್ಲ. ಕೋರ್ಟು ಕೊಟ್ಟಂಗೇ ಐತೆ."

ಅವನು ನನ್ನ ಪಕ್ಕದಲ್ಲಿದ್ದ ಹದಿನಾಲ್ಕರ ತಂಗಿಯ ತಲೆ ಸವರಿದ.

"ನಿನ್ ತೋಟಾನೂ ಹಿಂಗೇ ನೋಡ್ಕೊತೀನಿ ಕಣವ್ವ."