ದೋಣಿಗೆ ಹಾಕಿದ ಗೋಡೆ ಪ್ಲಗ್ಗು

ಎದುರಿಗೆ ಎಲ್ಲರೂ ಅವಳನ್ನು ಬ್ಯಾಟರಿ ಅಕ್ಕ ಎನ್ನುತ್ತಿದ್ದರು. ಬೆನ್ನ ಹಿಂದೆ ಅವಳ ಹೆಸರು ಮೂಗಿನ ತುದಿ. ಸಿಟ್ಟು ಅಲ್ಲೇ ಕೂತಿರುತ್ತದೆ, ಒಳಗೆ ಹೋಗುವುದೇ ಇಲ್ಲ ಅಂತ ಪಕ್ಕದ ಪಂಕ್ಚರ್ ಅಂಗಡಿಯವನು ಇಟ್ಟ ಹೆಸರು. ಅದು ಅವಳ ಕಿವಿಗೆ ಬಿದ್ದ ವಾರದಲ್ಲೇ ಅವನ ಕಂಪ್ರೆಸರಿನ ವೈರ್ ಸುಟ್ಟುಹೋಯಿತು. ಬೇರೆ ಗತಿಯಿಲ್ಲದೆ ಇವಳ ಹತ್ತಿರವೇ ಬಂದ. ವೈರ್ ಬದಲಾಯಿಸಿ ಕೊಟ್ಟಳು, ಜೊತೆಗೆ ಅವನ ಅಪ್ಪ, ಅಜ್ಜ, ಮುತ್ತಜ್ಜನವರೆಗೆ ಒಬ್ಬೊಬ್ಬರನ್ನೇ ಎಬ್ಬಿಸಿ ಬೈದು ಕಳಿಸಿದಳು. ಅವನು ನಗುತ್ತಲೇ ಹೋದ, ಯಾಕೆಂದರೆ ಕೆಲಸ ಅಚ್ಚುಕಟ್ಟಾಗಿತ್ತು.

ಅಂಗಡಿ ಅವಳ ಅಪ್ಪನದು, ದೊಡ್ಡ ಕೆರೆಗೆ ಹೋಗುವ ರಸ್ತೆಯ ತಿರುವಿನಲ್ಲಿತ್ತು. ಶಟರ್ ಎತ್ತಿದರೆ ಮೊದಲು ಆಸಿಡ್ಡಿನ ವಾಸನೆ ಮೂಗಿಗೆ ಹೊಡೆಯುತ್ತದೆ. ಗೋಡೆಯುದ್ದಕ್ಕೂ ಚಾರ್ಜಿಗೆ ಇಟ್ಟ ಬ್ಯಾಟರಿಗಳು, ಲಾರಿಯವು, ಟ್ರ್ಯಾಕ್ಟರಿನವು, ಯಾವನೋ ಬಿಟ್ಟುಹೋಗಿ ಮರೆತವು. ಆಸಿಡ್ ಸಿಡಿದು ತೂತಾಗದ ಬಟ್ಟೆ ಅವಳ ಮೈಮೇಲೆ ಯಾರೂ ಕಂಡಿಲ್ಲ. ಗಂಡ ಬಸ್ ಡ್ರೈವರು. ರಸ್ತೆಯಲ್ಲಿ ಹಾರ್ನ್ ಹೊಡೆಯುವುದು ಅವನ ಕೆಲಸ, ಮನೆಯಲ್ಲಿ ಅವಳದು. ಅಮ್ಮ ಬೇಗ ಹೋದಳು, ತಮ್ಮ ಆಗಿನ್ನೂ ಹಾಲುಹಲ್ಲಿನ ಹುಡುಗ. ಅವನ ಮೂಗು ಒರೆಸಿ, ತಲೆ ಬಾಚಿ, ಊಟಕ್ಕೆ ಹಠ ಮಾಡಿದರೆ ಎರಡು ಬಿಟ್ಟು, ಕೈ ಹಿಡಿದು ದೊಡ್ಡವನನ್ನಾಗಿ ಮಾಡಿದ್ದು ಇವಳೇ. ಅದಕ್ಕೇ ಅವನಿಗೆ ಮೀಸೆ ಬಂದು, ಮದುವೆಯಾಗಿ, ಅಲ್ಲಲ್ಲಿ ಕೂದಲು ಬೆಳ್ಳಗಾದ ಮೇಲೂ ಅವಳು ಅವನನ್ನು ಬೈಯುವ ದನಿ ಬದಲಾಗಿರಲಿಲ್ಲ.

ತಮ್ಮ ಕೆರೆಯಲ್ಲಿ ಮೀನು ಹಿಡಿಯುವವನು. ಸ್ವಂತದ್ದೊಂದು ಸಣ್ಣ ದೋಣಿ ಇತ್ತು. ಒಂದು ದಿನ ದೋಣಿಯನ್ನು ದಡಕ್ಕೆ ಎಳೆಯುವಾಗ ಕಾಲು ಜಾರಿ ಬಿದ್ದು ಬಲಭುಜದ ಮೂಳೆ ಮುರಿದುಕೊಂಡ. ಮೂಳೆ ಕೂಡಿತು, ಕೈ ಮಾತ್ರ ಮೊದಲಿನ ಹಾಗೆ ಮೇಲೇಳಲಿಲ್ಲ. ಹುಟ್ಟು ಹಾಕುವುದು ಹಾಗಿರಲಿ, ಅಂಗಿ ತೊಡುವುದಕ್ಕೂ ಹೆಂಡತಿ ಬರಬೇಕು. "ನಾನು ಹುಟ್ಟು ಹಾಕ್ತೀನಿ, ನೀವು ಬಲೆ ನೋಡ್ಕೊಳ್ಳಿ" ಎಂದು ಅವಳು ಅಂದಿದ್ದಳು. ಹೆಂಡತಿ ಹುಟ್ಟು ಹಾಕುವುದು, ತಾನು ಕೂತಿರುವುದು, ದಡದಲ್ಲಿ ನಿಂತವರು ನೋಡುವುದು, ಇದು ಆ ಮಹಾರಾಯನಿಗೆ ಆಗಲಿಲ್ಲ. ದಿನಾ ಬಂದು ಅಕ್ಕನ ಅಂಗಡಿಯಲ್ಲಿ ಕೂರುತ್ತಿದ್ದ. ಬರುಬರುತ್ತಾ ಮಾತು ಕಡಿಮೆಯಾಯಿತು, ಊಟ ಕಡಿಮೆಯಾಯಿತು. ರಸ್ತೆಯಲ್ಲಿ ಮೀನಿನ ಬುಟ್ಟಿ ಹೋದರೆ ಮುಖ ಗೋಡೆಗೆ ತಿರುಗಿಸುತ್ತಿದ್ದ. ಇದನ್ನೆಲ್ಲ ಅಕ್ಕ ದಿನಾ ನೋಡುತ್ತಿದ್ದಳು. ಇವನು ಮತ್ತೆ ನೀರಿಗಿಳಿಯಬೇಕು, ಇಲ್ಲದಿದ್ದರೆ ಕಣ್ಣೆದುರಿಗೇ ಕೊರಗಿ ಹೋಗುತ್ತಾನೆ. ಅವಳ ತಲೆಯಲ್ಲಿ ಇದೊಂದೇ ಇತ್ತು.

ಅದು ಕುಡಿಯುವ ನೀರಿನ ಕೆರೆ, ಪೆಟ್ರೋಲ್ ಇಂಜಿನ್ ಹಾಕುವಂತಿಲ್ಲ. ಹಾಗಾಗಿ ಹುಟ್ಟು ಬಿಟ್ಟರೆ ಇದ್ದದ್ದು ಎಲೆಕ್ಟ್ರಿಕ್ ಮೋಟಾರು: ಒಂದು ಕಬ್ಬಿಣದ ಕೋಲು, ಕೆಳಗೆ ನೀರಲ್ಲಿ ತಿರುಗುವ ಸಣ್ಣ ಫ್ಯಾನು, ಮೇಲೆ ಒಂದು ಹಿಡಿ. ದೋಣಿಯ ಹಿಂಬದಿಯ ಹಲಗೆಗೆ ಸಿಕ್ಕಿಸಿ ತಿರುಪು ಬಿಗಿದರಾಯಿತು, ಎಡಗೈ ಒಂದಿದ್ದರೂ ಸಾಕು. ತಮ್ಮ ಎಲ್ಲಿಂದಲೋ ಹಳೆಯದೊಂದನ್ನು ಹುಡುಕಿ ತಂದ. ಅವನು ಎಷ್ಟೋ ದಿನದ ಮೇಲೆ ನಕ್ಕಿದ್ದು ಅವತ್ತೇ.

"ಅಕ್ಕಾ, ವೈರಿಂಗ್ ನೀನೇ ಮಾಡ್ಬೇಕು. ಆದ್ರೆ ಮೋಟಾರು ಕಳಚೋ ಹಾಗಿರ್ಬೇಕು. ದಡದಲ್ಲಿ ಬಿಟ್ರೆ ಬೆಳಗಾಗೋದ್ರಲ್ಲಿ ಮಂಗಮಾಯ" ಎಂದು ಜೇಬಿನಿಂದ ಒಂದು ತ್ರೀ ಪಿನ್ ಪ್ಲಗ್ಗು, ಅದರ ಸಾಕೆಟ್ಟು ತೆಗೆದು ಮೇಜಿನ ಮೇಲಿಟ್ಟ.

"ಇದೇನಿದು?"

"ಪ್ಲಗ್ಗು."

"ಅದು ನನಗೂ ಕಾಣ್ಸುತ್ತೆ. ಯಾರ ಮನೆ ಇಸ್ತ್ರಿಪೆಟ್ಟಿಗೆದು ಕಿತ್ಕೊಂಡು ಬಂದೆ?"

"ಹೊಸದು ಅಕ್ಕಾ. ದಡದಲ್ಲಿ ಎಲ್ಲರೂ ಇದನ್ನೇ ಹಾಕಿರೋದು. ಸಾಕೆಟ್ಟು ಬ್ಯಾಟರಿ ಕಡೆಗೆ, ಪ್ಲಗ್ಗು ಮೋಟಾರಿಗೆ. ಎಳೆದ್ರೆ ಬರುತ್ತೆ, ಚುಚ್ಚಿದ್ರೆ ಹೋಗುತ್ತೆ."

"ಎಲ್ಲರೂ ಹಾಕಿದಾರೆ, ಅವರಿಗೆ ಬುದ್ಧಿ ಇಲ್ಲ. ಇದು ಮನೆ ಗೋಡೆಗೆ ಹಾಕೋ ಪ್ಲಗ್ಗು. ನಿನ್ನ ಮೋಟಾರು ಹನ್ನೆರಡು ವೋಲ್ಟಿಂದು. ಯಾರಾದ್ರೂ ಗೊತ್ತಿಲ್ದೆ ತಗೊಂಡ್ಹೋಗಿ ಗೋಡೆಗೆ ಚುಚ್ಚಿದ್ರೆ ಮೋಟಾರೂ ಹೋಗುತ್ತೆ, ಚುಚ್ಚಿದೋರೂ ಹೋಗ್ತಾರೆ."

"ನಮ್ಮನೇಲಿ ಅಷ್ಟು ಪೆದ್ದರು ಯಾರಿದಾರೆ?"

"ನೀನಿದೀಯಲ್ಲ, ಸಾಲ್ದಾ?"

ಪ್ಲಗ್ಗನ್ನು ಮೇಜಿನ ಖಾನೆಗೆ ಎಸೆದಳು. ಗೋದಾಮುಗಳಲ್ಲಿ ಸಾಮಾನು ಎತ್ತುವ ಬ್ಯಾಟರಿ ಗಾಡಿಗಳಿಗೆ ಬರುತ್ತದಲ್ಲ, ಬೂದು ಬಣ್ಣದ ದಪ್ಪನೆಯ ಜೋಡು ಕನೆಕ್ಟರು, ಅದು ತರಿಸುತ್ತೇನೆ ಅಂದಳು. ಅದು ಅದರ ಜೋಡಿಗೆ ಬಿಟ್ಟರೆ ಲೋಕದ ಇನ್ಯಾವ ತೂತಿಗೂ ಹೋಗುವುದಿಲ್ಲ. ಪೇಟೆಯ ಬಿಡಿಭಾಗದವನಿಗೆ ಫೋನ್ ಹಚ್ಚಿದಳು. ನಾಳೆ ಕಳಿಸುತ್ತೇನೆ ಅಂದ. ಮರುದಿನವೂ ನಾಳೆ ಅಂದ. ಅವನ ನಾಳೆಗೆ ಬೆಂಕಿ ಬೀಳಲಿ.

ಅಷ್ಟರಲ್ಲಿ ಉಳಿದ ಕೆಲಸವನ್ನೆಲ್ಲ ಮುಗಿಸಿದಳು. ಬೆರಳು ಗಾತ್ರದ ವೈರ್, ತುದಿಗೆ ಬ್ಯಾಟರಿಯ ಬೋಲ್ಟಿಗೆ ಕೂರುವ ತಾಮ್ರದ ಲಗ್ಗು ಹಾಕಿ ಒತ್ತಿ, ಮೇಲೆ ಪ್ಲಾಸ್ಟಿಕ್ ಕೊಳವೆ ಏರಿಸಿ ಬಿಸಿಗಾಳಿಯಲ್ಲಿ ಮೈಗಂಟಿಸಿದಳು. ಬ್ಯಾಟರಿಯ ಪ್ಲಸ್ಸಿನ ಪಕ್ಕದಲ್ಲೇ ಫ್ಯೂಸ್ ಕೂರಿಸಿದಳು. ವೈರನ್ನು ನೀರು ನಿಲ್ಲದ ಹಾಗೆ ಕೂರುವ ಹಲಗೆಯ ಕೆಳಗಿಂದ ಒಯ್ದು ಗೇಣಿಗೊಂದು ಕ್ಲಿಪ್ ಹೊಡೆದಳು. ಕೆಲಸದುದ್ದಕ್ಕೂ ದೋಣಿ ಮಾಡಿದ ಬಡಗಿಯನ್ನು, ವೈರ್ ಮಾಡಿದ ಕಂಪನಿಯನ್ನು, ಬಿಸಿಲನ್ನು, ಯಾರೂ ಸಿಗದಿದ್ದಾಗ ಸುಮ್ಮನೆ ಕೆರೆಯನ್ನು ಬೈಯುತ್ತಿದ್ದಳು. ಉಳಿದದ್ದು ಆ ಕನೆಕ್ಟರ್ ಒಂದೇ.

ಕೆರೆಗೆ ಹೊಸ ನೀರು ಬಂದಿತ್ತು, ಮೀನು ಚೆನ್ನಾಗಿ ಬೀಳುತ್ತಿತ್ತು. ತಮ್ಮನಿಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಒಂದು ಮಧ್ಯಾಹ್ನ ಅಂಗಡಿ ತುಂಬಾ ಗಿರಾಕಿಗಳಿದ್ದಾಗ ಬಂದವನೇ, ಎಲ್ಲರ ಮುಂದೆ, "ನಿನ್ನ ಕೈಲಿ ಆಗಲ್ಲ ಅಂದ್ರೆ ಹೇಳಿಬಿಡು ಅಕ್ಕಾ. ಪಂಪ್‌ಸೆಟ್ ರಿಪೇರಿಯವನು ಒಂದೇ ಗಳಿಗೇಲಿ ಮಾಡ್ಕೊಡ್ತಾನಂತೆ" ಅಂದ.

ಲಾರಿಯವನೊಬ್ಬ ಕಿಸಕ್ಕನೆ ನಕ್ಕ. ಅವಳ ಮೈಯೆಲ್ಲ ಉರಿದುಹೋಯಿತು. ಎತ್ತಿ ಆಡಿಸಿದ ಕೂಸು, ತನ್ನ ಅಂಗಡಿಯಲ್ಲಿ ನಿಂತು ತನ್ನ ಕೈಲಾಗುವುದಿಲ್ಲ ಅನ್ನುತ್ತದೆ. ಖಾನೆ ಎಳೆದು ಅದೇ ತ್ರೀ ಪಿನ್ ತೆಗೆದಳು. ಸಾಕೆಟ್ಟು ದೋಣಿಯ ವೈರಿಗೆ, ಪ್ಲಗ್ಗು ಮೋಟಾರಿಗೆ, ಎಷ್ಟೇ ಸಿಟ್ಟಿದ್ದರೂ ಸ್ಕ್ರೂ ಒಂದೊಂದೂ ಬಿಗಿಯಾಗಿಯೇ ಕೂತಿತು. ಮೋಟಾರನ್ನು ಅವನ ಕಾಲ ಬಳಿ ಕುಕ್ಕಿ, "ತಗೊ. ಎಲ್ಲಾದ್ರೂ ಹಾಳಾಗಿ ಹೋಗು. ಮತ್ತೆ ನನ್ನ ಕಣ್ಣಿಗೆ ಬೀಳ್ಬೇಡ" ಅಂದಳು. ಬೂದು ಕನೆಕ್ಟರ್ ಬಂದ ದಿನ ಮನೆಗೇ ಹೋಗಿ ಬದಲಾಯಿಸಿದರಾಯಿತು ಅಂತ ಮನಸ್ಸಿನಲ್ಲಿ ಅಂದುಕೊಂಡಳು. ಬಾಯಲ್ಲಿ ಹೇಳಲಿಲ್ಲ.

ಮಾರನೆಯ ಬೆಳಿಗ್ಗೆ ಅಂಗಡಿಯ ಶಟರ್ ಅರ್ಧ ಎಳೆದು ಏರಿಯ ಮೇಲೆ ಹೋಗಿ ನಿಂತಳು. ದೂರದಲ್ಲಿ ತಮ್ಮನ ದೋಣಿ ಸದ್ದಿಲ್ಲದೆ ಹೋಗುತ್ತಿತ್ತು. ಎಡಗೈ ಹಿಡಿಯ ಮೇಲಿತ್ತು, ಬೆನ್ನು ನೆಟ್ಟಗಿತ್ತು. ಅವಳ ಕಣ್ಣು ತುಂಬಿ ಬಂತು. ಪಕ್ಕದಲ್ಲಿ ನಿಂತಿದ್ದ ಟೀ ಮಾರುವವನು ಮುಖ ನೋಡಿದ್ದಕ್ಕೆ, "ಏನು ನೋಡ್ತೀಯ, ನಿನ್ನ ಟೀ ಕುಡಿದ್ರೆ ಯಾರಿಗಾದ್ರೂ ಕಣ್ಣೀರು ಬರುತ್ತೆ" ಅಂದು ಬಂದಳು.

ಆ ದಿನ ಸಂಜೆ ತಮ್ಮ ಬುಟ್ಟಿ ತುಂಬಾ ಮೀನು ತಂದ. ಮೋಟಾರು, ಬ್ಯಾಟರಿ ಎರಡನ್ನೂ ಮನೆಯ ಮುಂದಿನ ಕೋಣೆಯಲ್ಲಿ ಇಳಿಸಿ, "ಚಾರ್ಜಿಗೆ ಹಾಕಿರು, ಮೀನು ಕೊಟ್ಟು ಬರ್ತೀನಿ" ಅಂತ ಹೆಂಡತಿಗೆ ಹೇಳಿ ಖುಷಿಯಲ್ಲಿ ಹೊರಟುಬಿಟ್ಟ. ಚಾರ್ಜಿಗೆ ಹಾಕಬೇಕಾದ್ದು ಬ್ಯಾಟರಿ. ಅದರ ಚಾರ್ಜರ್ ಮಂಚದ ಕೆಳಗಿನ ಚೀಲದಲ್ಲಿತ್ತು. ಇದನ್ನು ಹೇಳಬೇಕು ಅಂತ ಅವನಿಗೆ ಹೊಳೆಯಲಿಲ್ಲ. ಆ ಹೆಂಗಸಿನ ಎದುರಿಗಿದ್ದದ್ದು ಎರಡು ವಸ್ತು. ಒಂದು ಬ್ಯಾಟರಿ, ಅದಕ್ಕೆ ಪ್ಲಗ್ಗಿಲ್ಲ. ಇನ್ನೊಂದು ಮೋಟಾರು, ಅದಕ್ಕೆ ಹೊಚ್ಚ ಹೊಸ ಪ್ಲಗ್ಗು ನೇತಾಡುತ್ತಿದೆ. ಮೊಬೈಲನ್ನು ಚಾರ್ಜಿಗೆ ಹಾಕುವುದು ಹೇಗೆ? ಗೋಡೆಗೆ. ಅವಳೂ ಹಾಗೇ ಮಾಡಿದಳು. ಪ್ಲಗ್ಗು ಸಲೀಸಾಗಿ ಒಳಗೆ ಹೋಯಿತು. ಅದನ್ನು ಹಿಡಿದುಕೊಂಡೇ ಸ್ವಿಚ್ ಒತ್ತಿದಳು.

ಅಕ್ಕನಿಗೆ ಫೋನ್ ಬಂದು, ಅವಳು ಚಪ್ಪಲಿ ಮೆಟ್ಟದೆ ಓಡಿ ಬಂದಾಗ ಮನೆಯಲ್ಲಿ ಕರೆಂಟಿರಲಿಲ್ಲ, ಸುಟ್ಟ ವಾಸನೆ ಇತ್ತು. ತಮ್ಮನ ಹೆಂಡತಿ ಅಡುಗೆಮನೆಯ ಹೊಸ್ತಿಲಲ್ಲಿ ಕೂತಿದ್ದಳು. ಬಲಗೈ ನೀರಿನ ಪಾತ್ರೆಯಲ್ಲಿತ್ತು. ಪ್ಲಗ್ಗಿನ ಹಿಂಬದಿ ಸಿಡಿದು ಅಂಗೈಯೆಲ್ಲ ಬೊಬ್ಬೆ. ತಮ್ಮ ಆಗಷ್ಟೇ ಬಂದಿದ್ದ, ಕೋಣೆಯ ನಡುವೆ ನಿಂತು ಕೂಗಾಡುತ್ತಿದ್ದ.

"ಕಣ್ಣು ಕಾಣಲ್ವಾ ನಿಂಗೆ? ದೋಣಿ ಮೋಟಾರನ್ನ ಯಾರಾದ್ರೂ ಗೋಡೆಗೆ ಹಾಕ್ತಾರಾ? ನನ್ನ ಅನ್ನಕ್ಕೇ ಮಣ್ಣು ಹಾಕಿದೆಯಲ್ಲ."

"ಬಾಯಿ ಮುಚ್ಚೋ" ಎಂದಳು ಅಕ್ಕ. "ಅವಳ ಕೈ ನೋಡಿದ್ಯಾ ಮೊದ್ಲು? ಗೋಡೆ ಪ್ಲಗ್ಗನ್ನ ಗೋಡೆಗೆ ಹಾಕಿದಾಳೆ. ಅದರಲ್ಲಿ ಅವಳದೇನು ತಪ್ಪು? ನಾನು ಅವತ್ತೇ ಬಡ್ಕೊಂಡೆ ನಿನ್ಹತ್ರ, ಇದು ಹೀಗೇ ಆಗುತ್ತೆ ಅಂತ."

ಆಗ ಹೊಸ್ತಿಲಲ್ಲಿ ಕೂತವಳು ತಲೆ ಎತ್ತಿದಳು.

"ಹೀಗಾಗುತ್ತೆ ಅಂತ ನಿಮಗೆ ಗೊತ್ತಿತ್ತಾ ಅತ್ತಿಗೆ?"

"ಗೊತ್ತಿತ್ತು. ಅದಕ್ಕೇ ಅಲ್ವಾ ಬೇಡ ಅಂದಿದ್ದು."

"ಮತ್ತೆ ಹಾಕಿದ್ದು ಯಾರು?"

ಅಕ್ಕ ತಮ್ಮನ ಮುಖ ನೋಡಿದಳು. ಅವನು ಗೋಡೆ ನೋಡುತ್ತಿದ್ದ.

"ಇವನು ಎಲ್ಲರೆದುರಿಗೆ ಹಾಗಂದ. ನನಗೆ ಸಿಟ್ಟು ಬಂತು" ಎಂದಳು.

"ಸಿಟ್ಟು ನಿಮಗೆ ಬಂತು. ಸುಟ್ಟಿದ್ದು ನನ್ನ ಕೈ" ಎಂದಳು ಅವಳು, ದನಿ ಏರಿಸದೆ. "ನನಗೊಂದು ಮಾತು ಹೇಳಿದ್ರೆ ಸಾಕಿತ್ತು ಅತ್ತಿಗೆ. ಗೋಡೆಗೆ ಹಾಕ್ಬೇಡ ಅಂತ. ನನ್ನ ಹತ್ರ ನಿಮಗೇನು ಜಗಳ ಇರ್ಲಿಲ್ಲವಲ್ಲ."

ಅಕ್ಕ ಅವಳನ್ನು ಎಬ್ಬಿಸಿದಳು. ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ, ಕೈಗೆ ಬ್ಯಾಂಡೇಜು ಕಟ್ಟಿಸಿ, ವಾಪಸು ಬಂದು ಮೋಟಾರು ಬಿಚ್ಚಿ ನೋಡಿದಳು. ಒಳಗಿನ ಬೋರ್ಡು ಕರಿಕಲಾಗಿತ್ತು, ತಂತಿ ಸುತ್ತಿದ ಕಾಯಿಲೂ ಹೋಗಿತ್ತು. ಸರಿಹೋಗುತ್ತಾ ಅಂತ ತಮ್ಮ ಕೇಳಿದ. ಇಲ್ಲ ಅಂದಳು. ಅವನು ಬಾಗಿಲಿನ ಚೌಕಟ್ಟಿಗೆ ಒರಗಿ ಹಾಗೇ ಕೆಳಗೆ ಕೂತ.

ಬೆಳಗಾಗುವ ಹೊತ್ತಿಗೆ ಸುದ್ದಿ ದಡದ ತುಂಬಾ ಹರಡಿತ್ತು. ಜನಕ್ಕೆ ನಗುವುದಕ್ಕೊಂದು ವಿಷಯ ಸಿಕ್ಕರೆ ಸಾಕು. ಮೋಟಾರನ್ನು ಮೊಬೈಲಿನ ಹಾಗೆ ಚಾರ್ಜಿಗೆ ಹಾಕಿದಳಂತೆ ಮಹಾತಾಯಿ, ಅಂತ ಒಬ್ಬ. ನಾಳೆ ದೋಣಿಯನ್ನೇ ಗೋಡೆಗೆ ಹಾಕುತ್ತಾಳೆ, ಅಂತ ಇನ್ನೊಬ್ಬ. ಹೀಗೆ ಹಲ್ಲು ಕಿರಿದವರ ದೋಣಿಗಳಲ್ಲೆಲ್ಲ ಇದ್ದದ್ದು ಅದೇ ತ್ರೀ ಪಿನ್ನು. ಯಾರೂ ತಮ್ಮದನ್ನು ಒಂದು ಸಲ ತಿರುಗಿ ನೋಡಲಿಲ್ಲ.

ಅಕ್ಕ ಆ ದಿನ ಅಂಗಡಿ ತೆಗೆಯಲಿಲ್ಲ. ತಮ್ಮನ ಮನೆಗೆ ಹೋಗಿ, ಏಳು ಅಂದಳು. ದಡಕ್ಕೆ ಬಂದು ದೋಣಿ ಹತ್ತಿ ಹುಟ್ಟು ಹಿಡಿದಳು. ಹುಟ್ಟು ಹಾಕಿ ಗೊತ್ತಿದ್ದವಳಲ್ಲ. ದೋಣಿ ನಿಂತಲ್ಲೇ ಸುತ್ತಿತು, ಅಡ್ಡಾದಿಡ್ಡಿ ಹೋಯಿತು, ನೀರು ಮೈಮೇಲೆ ಹಾರಿತು. "ಬಲಗಡೆ ಎಳಿ. ಅಷ್ಟು ಜೋರಾಗಿ ಬೇಡ" ಅಂತ ತಮ್ಮ ಗದರಿದ. ಹಲ್ಲು ಕಚ್ಚಿಕೊಂಡು ಎಳೆದಳು. ಒಳಗೆ ಸಿಟ್ಟು ಕುದಿಯುತ್ತಿತ್ತು, ಅವನ ಮೇಲೆ, ಕನೆಕ್ಟರ್ ಕಳಿಸದ ಪೇಟೆಯವನ ಮೇಲೆ, ಎಲ್ಲರಿಗಿಂತ ಹೆಚ್ಚು ತನ್ನ ಮೇಲೆ.

ಇನ್ನೊಂದು ದೋಣಿಯವನು ಹತ್ತಿರ ಬಂದು ಮೋಟಾರು ನಿಧಾನ ಮಾಡಿದ. ಅವನ ಹಿಂದೆ ಮತ್ತಿಬ್ಬರ ದೋಣಿಗಳು.

"ಏನಯ್ಯಾ, ನಿನ್ನ ಹೆಂಡ್ತಿ ಮೋಟಾರನ್ನ ಸುಟ್ಟುಬಿಟ್ಳಂತೆ?"

ತಮ್ಮ ಹಲ್ಲು ಬಿಟ್ಟು ಏನೋ ಹೇಳಹೊರಟ. ಅವನಿಗಿಂತ ಮೊದಲು ಅಕ್ಕ ಎದ್ದು ನಿಂತಳು, ದೋಣಿ ಓಲಾಡಿತು.

"ಅವಳಲ್ಲ ಸುಟ್ಟಿದ್ದು. ನಾನು" ಎಂದಳು, ಕೆರೆಯ ಆಚೆ ದಡಕ್ಕೂ ಕೇಳುವ ಹಾಗೆ. "ಗೊತ್ತಿದ್ದೂ ಗೊತ್ತಿದ್ದೂ ಆ ಪ್ಲಗ್ಗು ಹಾಕಿಕೊಟ್ಟೋಳು ನಾನು. ಇನ್ನು ಅವಳ ಹೆಸರು ಯಾರ ಬಾಯಲ್ಲಾದ್ರೂ ಬಂದ್ರೆ ನೋಡಿ."

ಅವನು ಮೋಟಾರು ತಿರುಗಿಸಿಕೊಂಡು ಹೋದ. ಅವಳು ಕೂತು ಮತ್ತೆ ಹುಟ್ಟು ಹಿಡಿದಳು. ತಮ್ಮ ಬಲೆ ಬಿಡತೊಡಗಿದ.